ಹೂಂಕಾರಿ

ನಮ್ಮ ಮನೆಯಲ್ಲಿ ಮಾತಾಡುವವರು ಇಬ್ಬರು, ಅಮ್ಮ ಮತ್ತು ಅಕ್ಕ. ಹೂಂಗುಟ್ಟುವವಳು ಒಬ್ಬಳು, ನಾನು. ಅಪ್ಪ ಪೇಪರಿನ ಹಿಂದೆ ಇರುತ್ತಿದ್ದರು, ಅವರು ಎರಡರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಅಮ್ಮ ಬಟಾಣಿ ಸುಲಿಯುತ್ತಾ, ಒಣಗಿದ ಬಟ್ಟೆ ಮಡಚುತ್ತಾ, ಕುಕ್ಕರಿನ ಸೀಟಿಗೆ ಕಾಯುತ್ತಾ ಏನಾದರೊಂದು ಹೇಳುತ್ತಲೇ ಇರುತ್ತಿದ್ದಳು. ಚಿಕ್ಕತ್ತೆಯ ಮಗಳ ಮದುವೆಯಲ್ಲಿ ಯಾರು ಯಾರಿಗೆ ಮುಖ ತಿರುಗಿಸಿದರು, ಮೇಲಿನ ಮನೆಯವರು ನೀರಿನ ಮೋಟಾರು ಹಾಕಿ ಮರೆತು ಊರಿಗೆ ಹೋದದ್ದು, ಹೀಗೆ. ಆ ಮಾತಿಗೆ ಯಾರಾದರೂ ಹೂಂ ಅನ್ನುತ್ತಿರಬೇಕು. ಹೂಂ ಬೀಳದಿದ್ದರೆ ಅಮ್ಮನ ಕತೆ ಇದ್ದಲ್ಲೇ ನಿಲ್ಲುತ್ತಿತ್ತು. ಕೈಯೂ ನಿಲ್ಲುತ್ತಿತ್ತು. "ಏನೇ, ಜೀವ ಇದೆಯೇನೇ?" ಎಂದು ಕೇಳುತ್ತಿದ್ದಳು. ನಾನು ಹೂಂ ಅಂದ ಕೂಡಲೇ ಬಟಾಣಿಯೂ ಕತೆಯೂ ಒಟ್ಟಿಗೆ ಹೊರಡುತ್ತಿದ್ದವು.

ಅಕ್ಕ ನನಗೆ ಹೂಂಕಾರಿ ಎಂದು ಹೆಸರಿಟ್ಟಿದ್ದಳು. ಕೇಳಿದವರಿಗೆ ಯಾವುದೋ ಉಗ್ರ ದೇವಿಯ ಹೆಸರಿನಂತೆ ಕೇಳಿಸುತ್ತಿತ್ತು. ನನ್ನನ್ನು ನೋಡಿದ ಮೇಲೆ ನಗುತ್ತಿದ್ದರು.

ಹೂಂ ಅಂದರೆ ಒಪ್ಪಿದೆ ಎಂದಲ್ಲ. ಇಲ್ಲೇ ಇದ್ದೇನೆ, ಕಿವಿಯೂ ಇಲ್ಲೇ ಇದೆ, ನೀನು ಮುಂದಕ್ಕೆ ಹೇಳು ಎಂದಷ್ಟೆ. ಇದನ್ನು ಯಾರಿಗೂ ಬಿಡಿಸಿ ಹೇಳುವ ಪ್ರಸಂಗ ಹೊರದೇಶಕ್ಕೆ ಹೋಗುವ ತನಕ ನನಗೆ ಬಂದಿರಲಿಲ್ಲ.

ನಾನು ಓದಲು ಹೋದದ್ದು ಆಡಿಯಾಲಜಿ. ಮನುಷ್ಯನ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ವಿದ್ಯೆ. ಹುಟ್ಟಿದಾಗಿನಿಂದ ಮಾಡುತ್ತಾ ಬಂದ ಕೆಲಸಕ್ಕೆ ಸರ್ಟಿಫಿಕೇಟು ಬೇರೆ ಯಾಕೆ ಎಂದು ಅಕ್ಕ ಕೇಳಿದ್ದಳು. ಹೊರಡುವ ದಿನ ಮಾತ್ರ ಅವಳು ತಮಾಷೆ ಬಿಟ್ಟು ನನ್ನ ಎರಡೂ ಭುಜ ಹಿಡಿದುಕೊಂಡಳು.

"ನೋಡು, ಅಲ್ಲಿ ನಿನ್ನ ಪರಿಚಯ ಯಾರಿಗೂ ಇರಲ್ಲ. ಹೊಸದಾಗಿ ಶುರು ಮಾಡು. ಯಾರಾಗ್ಬೇಕು ಅನ್ಸುತ್ತೋ ಅವಳಾಗು. ಈ ಹೂಂ ಒಂದನ್ನ ಮಾತ್ರ ಇಲ್ಲೇ ಬಿಟ್ಟು ಹೋಗು."

ನಾನು ಹೂಂ ಅಂದೆ.

ಕಾಲೇಜಿನ ನೆಲಮಾಳಿಗೆಯಲ್ಲಿ ಕಿವಿ ಪರೀಕ್ಷೆಯ ಕೋಣೆಯಿತ್ತು. ನಾಲ್ಕು ಗೋಡೆಗೂ ಸ್ಪಂಜು, ತಿಜೋರಿಯ ಬಾಗಿಲಿನಂಥ ದಪ್ಪ ಬಾಗಿಲು. ಅದು ಮುಚ್ಚಿಕೊಂಡರೆ ನಾವು ಉಗುಳು ನುಂಗುವುದು ನಮಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಒಳಗೆ ಕೂತವರು ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿಸಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಗಾಜಿನ ಆಚೆ ಕೂತವರು ಸದ್ದನ್ನು ಸಣ್ಣದು ಮಾಡುತ್ತಾ ಹೋಗುತ್ತಾರೆ. ಮೊದಲ ತಿಂಗಳು ನಾವು ಒಬ್ಬರ ಕಿವಿಯನ್ನು ಒಬ್ಬರು ಪರೀಕ್ಷಿಸಿ ಕಲಿಯುತ್ತಿದ್ದೆವು. ನನ್ನ ಸರದಿ ಮುಗಿದಾಗ ಪಾಠದ ಮೇಡಂ ತಾವೇ ಬಾಗಿಲು ತೆಗೆದು ಒಳಗೆ ಬಂದರು. ಕೊನೆಕೊನೆಗೆ ತಾವು ಯಾವ ಸದ್ದನ್ನೂ ಕಳಿಸಲಿಲ್ಲ, ಆದರೂ ನಾನು ಗುಂಡಿ ಒತ್ತುತ್ತಲೇ ಇದ್ದೆ ಎಂದರು. ಇಲ್ಲದ ಸದ್ದಿಗೂ ಉತ್ತರ ಕೊಡುವ ಇಂಥ ರೋಗಿಗಳು ಬರುತ್ತಾರೆ, ಅವರ ಕಿವಿಯಲ್ಲಿ ದೋಷವಿರುವುದಿಲ್ಲ ಎಂದೂ ಸೇರಿಸಿದರು. ಏನು ಕೇಳಿಸಿತು ಎಂದು ಕೇಳಿದರು. ನನಗೆ ಕೇಳಿಸಿದ್ದು ಗಾಜಿನ ಆಚೆ ಯಾರೋ ಕಾಯುತ್ತಿರುವುದು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಗುಂಡಿಯನ್ನು ಅವರ ಕೈಗೆ ಕೊಟ್ಟೆ.

ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಊರಿನ ಭಾಷೆ ಬೇರೆ. ರೋಗಿಗಳ ಜೊತೆ ಮಾತಾಡಲು ಅದೂ ಬೇಕು ಎಂದು ವಾರದಲ್ಲಿ ಒಂದು ದಿನ ಭಾಷೆಯ ತರಗತಿ ಇಟ್ಟಿದ್ದರು. ನಮ್ಮ ಕಡೆಯವನೊಬ್ಬ ನನಗಿಂತ ಮುಂದಿನ ವರ್ಷದಲ್ಲಿ ಓದುತ್ತಿದ್ದ. ನಾನು ಅವನನ್ನು ಸೀನಿಯರ್ ಎಂದೇ ಕರೆಯುತ್ತಿದ್ದೆ. ಅವನ ಹೆಸರು ಅಲ್ಲಿಯವರ ಬಾಯಲ್ಲಿ ತಿರುಗುವುದಿಲ್ಲವೆಂದು ಅದರ ತಲೆ ಬಾಲ ಎರಡನ್ನೂ ಕತ್ತರಿಸಿ ಉಳಿದ ಚೂರನ್ನು ಹೆಸರು ಮಾಡಿಕೊಂಡಿದ್ದ. ಅಲ್ಲಿಯವರ ಜೊತೆ ನಗಲು ಅವನಿಗೆ ಒಂದು ನಗುವಿತ್ತು, ನನ್ನ ಜೊತೆ ನಗಲು ಇನ್ನೊಂದು. ಒಂದು ಸಲ ಅವನು ಗಡಿಬಿಡಿಯಲ್ಲಿ ನನಗೆ ಅಲ್ಲಿಯ ನಗುವನ್ನು ಕೊಟ್ಟುಬಿಟ್ಟ. ಬೇರೆ ಯಾರೋ ಬಂದು ನಿಂತಂತಾಯಿತು.

ನನಗೆ ಕೋಣೆ ಹುಡುಕಿಕೊಟ್ಟದ್ದು ಅವನೇ. ಒಬ್ಬ ದರ್ಜಿ ಹೆಂಗಸಿನ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವರ ಕೆಲಸ, ಹಿಂದಿನ ಕೋಣೆ ಬಾಡಿಗೆಗೆ. ನಾನು ಮನಸ್ಸಿನಲ್ಲೇ ಅವರಿಗೆ ದರ್ಜಿಯಮ್ಮ ಎಂದು ಹೆಸರಿಟ್ಟೆ. ಮೊದಲ ದಿನ ಬಾಗಿಲು ತೆರೆದಾಗ ಅವರ ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲಿತ್ತು, ಹೆಗಲ ಮೇಲೆ ಯಾರದೋ ಪ್ಯಾಂಟು.

"ಬರಬಹುದಾ ಅಮ್ಮ?" ಅಂದೆ, ಕನ್ನಡದಲ್ಲೇ. ಕೈಸನ್ನೆಯಿಂದ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ನಮ್ಮಲ್ಲಿ ಅಮ್ಮ ಎನ್ನಲು ಹೆತ್ತಿರಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಸರಿಯುವವರೂ ಅಮ್ಮ, ಸೂಜಿ ಚುಚ್ಚುವ ನರ್ಸೂ ಅಮ್ಮ. ಎಳೆಯ ಹುಡುಗಿ ಅಂಗಡಿಗೆ ಹೋದರೂ ಏನು ಬೇಕಮ್ಮ ಎಂದೇ ಕೇಳುತ್ತಾರೆ. ಆ ಊರಿನ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಸದ್ದಿನ ಪದವಿತ್ತು. ಅದಕ್ಕೆ ಒಂದೇ ಅರ್ಥ, ಹೆತ್ತವಳು.

ದರ್ಜಿಯಮ್ಮ ಕದಲಲಿಲ್ಲ. ಪಿನ್ನುಗಳ ಸಂದಿಯಿಂದ ಏನೋ ಅಂದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ, ಹೂಂ ಅಂದೆ. ಅವರು ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿಗೆ ಚುಚ್ಚಿದರು. ಎಲ್ಲ ಮುಗಿಯುವವರೆಗೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ನನ್ನ ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು.

ಅದರ ಅರ್ಥ ನನಗೆ ಹೊಳೆದದ್ದು ನಿಧಾನವಾಗಿ. ದರ್ಜಿ ಕೆಲಸದವರ ಬಾಯಿ ಅರ್ಧ ದಿನ ಪಿನ್ನಿನಿಂದಲೇ ತುಂಬಿರುತ್ತದೆ. ತಿರುಗು, ಕೈ ಎತ್ತು, ಬಿಗಿಯೇ, ಸಡಿಲವೇ, ಎಲ್ಲವನ್ನೂ ಅವರು ಮೂಗಿನಲ್ಲೇ ಹೇಳುತ್ತಿದ್ದರು. ಗಿರಾಕಿಗಳು ಎರಡೆರಡು ಸಲ ಕೇಳುತ್ತಿದ್ದರು. ನನಗೆ ಮಾತ್ರ ಮೊದಲ ಸಲಕ್ಕೇ ತಿಳಿಯುತ್ತಿತ್ತು. ಈ ಮನೆ ಹೂಂ ಭಾಷೆಯ ಮನೆ. ಲೋಕದಲ್ಲಿ ನನಗೆಂದೇ ಒಂದು ಊರಿದ್ದರೆ ಅದು ಈ ಮುಂದಿನ ಕೋಣೆ ಅನ್ನಿಸಿತು.

ಆ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಬೆ ಉಗುಳುವ ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳು ನಿಲ್ಲಲು ತಗ್ಗಾದ ಸ್ಟೂಲು ಇದ್ದವು. ಕಿಟಕಿಯ ಬಳಿ ತಲೆಯಿಲ್ಲದ ಬಟ್ಟೆಯ ಗೊಂಬೆ. ಉಳಿದ ದರ್ಜಿಗಳ ಗೊಂಬೆ ಎಲ್ಲರ ಅಳತೆಗೂ ಹಿಗ್ಗಿ ಕುಗ್ಗುತ್ತದೆ. ಇದು ಹಿಗ್ಗುತ್ತಿರಲಿಲ್ಲ, ಯಾವಳೋ ಒಬ್ಬಳ ಅಳತೆಗೆ ಮಾಡಿಸಿದ್ದು. ಕಿರಿದಾದ ಭುಜ, ಒಂದು ಕಡೆ ತುಸು ಇಳಿದದ್ದು.

ಮಧ್ಯಾಹ್ನ ಕಾಲೇಜಿನಿಂದ ಬಂದಾಗ ದರ್ಜಿಯಮ್ಮ ಚಹಾ ಇಟ್ಟುಕೊಂಡು ಕಾಯುತ್ತಿರುತ್ತಿದ್ದರು. ಪಿನ್ನುಗಳನ್ನು ತುಟಿಯಲ್ಲೇ ಇಟ್ಟುಕೊಂಡು ಹಳೆಯ ಹೊಲಿಗೆಯ ನೂಲು ಕೀಳುತ್ತಾ ಹೇಳಲು ಶುರು ಮಾಡುತ್ತಿದ್ದರು. ತರಗತಿಯಲ್ಲಿ ಕಲಿತ ಪದಗಳು ಮಧ್ಯೆ ಮಧ್ಯೆ ತಲೆ ಎತ್ತುತ್ತಿದ್ದವು. ಹುಡುಗಿ. ಮೆಟ್ಟಿಲು. ಬಿದ್ದದ್ದು. ನಾಯಿ. ಕಪಾಟು. ಹೆದರಿಕೆ. ಅಷ್ಟನ್ನು ಪೋಣಿಸಿದರೆ ಕತೆ ತಾನಾಗಿ ಆಗುತ್ತಿತ್ತು. ಅವರಿಗೊಬ್ಬ ಮಗಳಿದ್ದಳು, ಮೆಟ್ಟಿಲಿಂದ ಬಿದ್ದು ಮೊಣಕಾಲು ಒಡೆದುಕೊಂಡಳು, ನಾಯಿಗೆ ಹೆದರುತ್ತಿದ್ದಳು, ಕಪಾಟಿನ ಬಾಗಿಲು ತೆರೆದಿದ್ದರೆ ನಿದ್ದೆ ಮಾಡುತ್ತಿರಲಿಲ್ಲ. ಅಮ್ಮ ಪಿನ್ನು ಚುಚ್ಚುವಾಗ ಮಿಕ್ಕ ಪಿನ್ನುಗಳನ್ನು ತನ್ನ ತುಟಿಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದಳು. ಆ ಮಗಳು ಈಗೆಲ್ಲಿ ಎಂದು ಕೇಳುವಷ್ಟು ಭಾಷೆ ನನ್ನಲ್ಲಿರಲಿಲ್ಲ, ಧೈರ್ಯವೂ ಇರಲಿಲ್ಲ. ಒಂದೊಂದು ವಾಕ್ಯ ಮುಗಿದಾಗಲೂ ಅವರು ಕೈ ನಿಲ್ಲಿಸಿ ಕಾಯುತ್ತಿದ್ದರು. ಆ ಕಾಯುವಿಕೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಹೂಂ ಅನ್ನುತ್ತಿದ್ದೆ. ದುಃಖಕ್ಕೆ ಎಳೆದ ಹೂಂ, ಆಶ್ಚರ್ಯಕ್ಕೆ ಮೇಲೇರಿದ ಹೂಂ, ಗೊತ್ತಿದ್ದದ್ದೇ ಎಂಬಲ್ಲಿ ಮೊಟಕು ಹೂಂ. ಅವರ ಕಣ್ಣು ಒದ್ದೆಯಾಗುತ್ತಿತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೆ.

ಚಳಿ ಶುರುವಾದಾಗ ನಾನೊಂದು ಹಳೆಯ ಕೋಟು ಕೊಂಡೆ. ನನ್ನಂಥ ಇಬ್ಬರು ಒಳಗೆ ಕೂರಬಹುದಿತ್ತು. ದರ್ಜಿಯಮ್ಮ ಅದನ್ನು ಕಿತ್ತುಕೊಂಡರು. ಅಳತೆ ತೆಗೆಯಲೆಂದು ನಾನು ಕೈ ಚಾಚಿ ನಿಂತರೆ ಬೇಡವೆಂದು ತಲೆಯಾಡಿಸಿ ಗೊಂಬೆಗೆ ತೊಡಿಸಿದರು. ಮರಳಿ ಬಂದ ಕೋಟು ಭುಜದಲ್ಲಿ ಬಿಗಿಯುತ್ತಿತ್ತು, ತೋಳು ಮಣಿಕಟ್ಟಿಗಿಂತ ಮೇಲೆ ನಿಲ್ಲುತ್ತಿತ್ತು. ಅಷ್ಟು ಪ್ರೀತಿಯಿಂದ ಮಾಡಿದ್ದಾರೆ, ಏನು ಹೇಳುವುದು. ಹಾಕಿಕೊಂಡೇ ಓಡಾಡಿದೆ. ಮರಗಳ ಎಲೆಯೆಲ್ಲ ಉದುರುವ ಹೊತ್ತಿಗೆ ಕೋಟು ನನಗೆ ಹೊಲಿದಂತೆ ಕೂತಿತು. ನನ್ನ ಅಡುಗೆ ತಿಂದು ನಾನೇ ಸೊರಗಿದ್ದೇನೆ ಎಂದುಕೊಂಡೆ. ತೋಳಿನ ಉದ್ದ ಹೇಗೆ ಸರಿಹೋಯಿತು ಎಂದು ಯೋಚಿಸಲಿಲ್ಲ.

ಬೀದಿಯ ತುದಿಯಲ್ಲಿ ಒಂದು ಮುದಿ ನಾಯಿ ಬಿಸಿಲು ಕಾಯಿಸುತ್ತಾ ಮಲಗಿರುತ್ತಿತ್ತು. ನನಗೆ ನಾಯಿಯೆಂದರೆ ಎಂದೂ ಭಯವಿರಲಿಲ್ಲ. ಒಂದು ದಿನ ಅದನ್ನು ಕಂಡೊಡನೆ ನನ್ನ ಕಾಲುಗಳು ತಾವಾಗಿಯೇ ರಸ್ತೆಯ ಆ ಬದಿಗೆ ದಾಟಿದ್ದವು. ಬ್ರೆಡ್ಡಿನ ಅಂಗಡಿಯವನು ಹಿಟ್ಟು ಮೆತ್ತಿದ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಏನೋ ಅಂದ. ಅದರಲ್ಲಿ 'ಮತ್ತೆ' ಎಂಬ ಪದವೊಂದು ತಿಳಿಯಿತು. ಮತ್ತೆ ಬನ್ನಿ ಎಂದಿರಬೇಕು ಎಂದುಕೊಂಡು ಹೂಂ ಅಂದೆ. ಅವನು ಹೆಂಡತಿಯನ್ನು ಒಳಗಿನಿಂದ ಕರೆದು ನನ್ನನ್ನು ತೋರಿಸಿದ.

ಅಮ್ಮನ ಫೋನು ಬರುತ್ತಿದ್ದುದು ಭಾನುವಾರ ಬೆಳಿಗ್ಗೆ. ಹಿಂದಿನ ಕೋಣೆಯಲ್ಲಿ ಸಿಗ್ನಲ್ಲು ಸಿಗುತ್ತಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, ಬಿದ್ದ ನೂಲಿನ ತುಣುಕು ಆರಿಸುತ್ತಾ ಹೂಂಗುಟ್ಟುತ್ತಿದ್ದೆ. ದರ್ಜಿಯಮ್ಮ ಯಂತ್ರ ನಿಲ್ಲಿಸಿ ಕೇಳುತ್ತಾ ಕೂರುತ್ತಿದ್ದರು.

"ಅದ್ಯಾರೇ ಟಕಟಕ ಅಂತಿದ್ದೋರು, ಈಗ ನಿಲ್ಸಿದ್ರು?" ಎಂದು ಅಮ್ಮ ಒಂದು ದಿನ ಕೇಳಿದಳು.

"ಮನೆ ಅಮ್ಮ."

"ನಿಂಗೆಷ್ಟು ಜನರೇ ಅಮ್ಮಂದಿರು? ಒಬ್ಬಳು ಸಾಲ್ಲಿಲ್ವಾ," ಎಂದು ನಕ್ಕು, ಅಕ್ಕನ ಅತ್ತೆಯ ಮಂಡಿ ನೋವಿಗೆ ಹೊರಳಿದಳು.

ಮಂಡಿಯ ಮಾತು ಬಂದದ್ದರಿಂದ ನನಗೂ ನೆನಪಾಯಿತು. ಸ್ನಾನ ಮಾಡುವಾಗ ನನ್ನ ಎಡ ಮೊಣಕಾಲಿನಲ್ಲಿ ಬಿಳಿಯ ಗೆರೆಯೊಂದನ್ನು ಕಂಡಿದ್ದೆ. ಹಳೆಯ ಗಾಯದ್ದು. ಮೊದಲೂ ಇತ್ತೋ ಇಲ್ಲವೋ ಹೇಳಲಾರೆ, ಯಾರಾದರೂ ತಮ್ಮ ಮೊಣಕಾಲನ್ನು ಎಷ್ಟು ಸಲ ನೋಡಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ನಾನು ಬಿದ್ದಿದ್ದೆನೇ ಎಂದು ಅಮ್ಮನನ್ನು ಕೇಳಿದೆ.

"ಬಿದ್ದಿದ್ದು ಅಕ್ಕ. ಅಲ್ಲ, ಅವಳಿಗೆ ಗಲ್ಲಕ್ಕೆ ಆಗಿದ್ದು. ನೀನಾ? ಇರು…" ಅಮ್ಮ ನಿಜವಾಗಿಯೂ ಯೋಚಿಸಿದಳು. ಅದು ಕೇಳಿಸುತ್ತಿತ್ತು. "ನಂಗೆ ಗೊತ್ತಿಲ್ಲ ಕಣೆ. ನೀನು ಒಳ್ಳೆ ಮಗು. ಅಳ್ತಾನೂ ಇರ್ಲಿಲ್ಲ, ಕೂರಿಸಿದ ಕಡೆ ಕೂರ್ತಿದ್ದೆ. ನಿನ್ನ ವಿಷಯ ಅಂತ ನೆನಪಿಟ್ಕೊಳ್ಳೋ ಹಾಗೆ ಏನೂ ಆಗೇ ಇಲ್ಲ."

ಹೂಂ ಅಂದೆ. ಅದೇ ಕ್ಷಣಕ್ಕೆ ಯಂತ್ರದ ಹಿಂದಿನಿಂದಲೂ ಒಂದು ಹೂಂ ಬಂತು, ಮೆಲ್ಲಗೆ, ತೊದಲು ಮಗು ಹೊಸ ಪದವನ್ನು ಬಾಯಲ್ಲಿಟ್ಟು ನೋಡುವಂತೆ. ತಿರುಗಿ ನೋಡಿದರೆ ದರ್ಜಿಯಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು.

ಅದೇ ವಾರ ಭಾಷೆಯ ತರಗತಿಯಲ್ಲಿ ಮೇಷ್ಟ್ರು ಎರಡು ಸಂಗತಿ ಹೇಳಿದರು. ಆಡುಮಾತಿನಲ್ಲಿ ಆ ಭಾಷೆ ಕರ್ತೃವನ್ನು ಬಿಟ್ಟುಬಿಡುತ್ತದೆ. ಕ್ರಿಯಾಪದದಿಂದಲೂ ಯಾರೆಂದು ತಿಳಿಯುವುದಿಲ್ಲ, ಅವಳು ಬಿದ್ದದ್ದಕ್ಕೂ ನೀನು ಬಿದ್ದದ್ದಕ್ಕೂ ಒಂದೇ ರೂಪ. ಇನ್ನೊಂದು, ಪ್ರಶ್ನೆ ಕೇಳಲು ಅಲ್ಲಿ ಬೇರೆ ಪದ ಬೇಕಿಲ್ಲ. ವಾಕ್ಯದ ಕೊನೆಯಲ್ಲಿ ದನಿ ಕೂದಲೆಳೆಯಷ್ಟು ಮೇಲೇರಿದರೆ ಸಾಕು. ಪಕ್ಕದ ಹುಡುಗ ಆಕಳಿಸುತ್ತಿದ್ದ. ನನ್ನ ಕೈ ಪೆನ್ನನ್ನು ಬಿಟ್ಟಿತ್ತು.

ಹೋಗಿ ಹೋಗಿ ದನಿಯ ಏರಿಳಿತ ಅಳೆಯಲು ಕಲಿಯುತ್ತಿದ್ದವಳು ನಾನು. ಆ ಮಧ್ಯಾಹ್ನಗಳಲ್ಲಿ ಪಿನ್ನಿನ ಸಂದಿಯಿಂದ ಬರುತ್ತಿದ್ದ ಆ ವಾಕ್ಯಗಳು ಒಂದೊಂದೂ ಕೊನೆಯಲ್ಲಿ ತುಸು ಮೇಲೇರುತ್ತಿದ್ದವು. ಅವರು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಕೇಳುತ್ತಿದ್ದರು. ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಕೇಳುವುದು ಎಂದೇ ಹೆಸರು, ಅವರೂ ಕೇಳುತ್ತಿದ್ದರು ನಾನೂ ಕೇಳುತ್ತಿದ್ದೆ. ಮೆಟ್ಟಿಲಿಂದ ಬಿದ್ದಳು ಎಂಬ ಕಡೆ ಬಿದ್ದೆಯಲ್ಲವೇ ಎಂದಿದ್ದರು. ನಾನು ಹೂಂ ಅಂದಿದ್ದೆ. ನಾಯಿಗೆ ಹೆದರುತ್ತಿದ್ದೆಯಲ್ಲವೇ. ಹೂಂ. ಇದೇ ಕೋಣೆಯಲ್ಲವೇ. ಹೂಂ.

ನೀನು ಬಿದ್ದೆ ಎಂದು ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದು ನೋಡಿದೆ. ನೀನು ಎಂಬುದನ್ನು ಹೊಡೆದುಹಾಕಿದೆ. ಬಿದ್ದೆ ಎಂದು ಉಳಿಯಿತು. ಈಗ ಬಿದ್ದವಳು ನಾನಾಗಿದ್ದೆ.

ಸೀನಿಯರಿಗೆ ಎಲ್ಲ ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಹೂಂ ಇದೆಯಲ್ಲ ತಾಯಿ, ಒಂದಿನ ನಿನ್ನ ಮದುವೇನೂ ಮಾಡಿಸಿಬಿಡುತ್ತೆ," ಅಂದ. ಆದರೂ ಜೊತೆಗೆ ಬಂದ. ನಾನು ಬೀದಿಯ ಆ ಬದಿ ನಿಂತೆ, ಅವನು ಬಾಗಿಲಲ್ಲಿ ದರ್ಜಿಯಮ್ಮನ ಜೊತೆ ಮಾತಾಡಿದ. ಮೊದಲು ಅವನ ಅಲ್ಲಿಯ ನಗು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದು ನಿಂತಿತು. ವಾಪಸು ಬಂದಾಗ ಅವನ ಮುಖದಲ್ಲಿ ಯಾವ ನಗುವೂ ಇರಲಿಲ್ಲ.

ದರ್ಜಿಯಮ್ಮನಿಗೆ ಮಗಳಿದ್ದದ್ದು ನಿಜ. ಓದಲೆಂದು ಹೊರದೇಶಕ್ಕೆ ಹೋದವಳು ಬಹಳ ವರ್ಷ ಬರಲಿಲ್ಲ, ಕಾಗದವಿಲ್ಲ, ಫೋನಿಲ್ಲ. ಈಗ ಬಂದಿದ್ದಾಳೆ ಎಂದು ಅವರು ಅವನಿಗೆ ಹೇಳಿದರಂತೆ.

"ನಾನಂದೆ, ಅವಳು ನಮ್ಮ ಕಡೆ ಹುಡುಗಿ, ಬಣ್ಣ ನೋಡಿ, ಭಾಷೆ ನೋಡಿ ಅಂತ," ಎಂದ ಸೀನಿಯರ್. "ಅದಕ್ಕವರು, ಹೊರಗೆ ಓದೋಕೆ ಹೋದ ಮಕ್ಕಳು ಹೋದ ಹಾಗೇ ವಾಪಸು ಬರ್ತಾರಾ ಅಂದ್ರು. ಬಣ್ಣ ಬದಲಾಗುತ್ತೆ, ಮಾತು ಮರೆತುಹೋಗುತ್ತೆ, ಹೆಸರು ಕೂಡ ಬೇರೆ ಇಟ್ಕೊಳ್ತಾರೆ, ಎಲ್ಲರ ಮನೇಲೂ ಹಾಗೇ ಆಗೋದು. ನಾನು ನಿಧಾನಕ್ಕೆ ಒಂದೊಂದೇ ನೆನಪು ಮಾಡಿಸ್ತಿದ್ದೀನಿ, ಅವಳೂ ಒಪ್ಕೊಳ್ತಿದ್ದಾಳೆ ಅಂದ್ರು."

ಸ್ವಲ್ಪ ದೂರ ನಡೆದ ಮೇಲೆ ಅವನು ಮತ್ತೆ ಅಂದ. "ಆಮೇಲೆ ನನ್ನ ಕೇಳಿದ್ರು. ನೀನು ಯಾವ ಮನೆಯವನಪ್ಪಾ, ನಿನ್ನ ಅಮ್ಮ ಗುರುತು ಹಿಡಿದ್ಲಾ ಅಂತ."

ಅವನೇನು ಉತ್ತರ ಕೊಟ್ಟನೆಂದು ನಾನು ಕೇಳಲಿಲ್ಲ.

ಅವನ ಪರಿಚಯದ ಹುಡುಗಿಯರ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಿತ್ತು. ಭಾನುವಾರ ಬೆಳಿಗ್ಗೆ ದರ್ಜಿಯಮ್ಮನಿಗೆ ಹೇಳಿ ಹೊರಟುಬಿಡುವುದು ಎಂದು ನಿಶ್ಚಯವಾಯಿತು. ಹೇಳಬೇಕಾದ ವಾಕ್ಯವನ್ನು ಸೀನಿಯರ್ ಉರು ಹೊಡೆಸಿದ. ನಾನು ನಿಮ್ಮ ಮಗಳಲ್ಲ. ಸುಲಭದ ವಾಕ್ಯ. ಕೊನೆಯಲ್ಲಿ ದನಿ ಏರಿಸಬೇಡ, ಪ್ರಶ್ನೆಯಾಗಿಬಿಡುತ್ತದೆ ಎಂದು ಎಚ್ಚರಿಸಿದ. ನನ್ನ ದನಿ ಪ್ರತಿ ಸಲವೂ ಏರುತ್ತಿತ್ತು. ನಾನು ನಿಮ್ಮ ಮಗಳಲ್ಲವೇ. ಅವನು ತಲೆ ಚಚ್ಚಿಕೊಂಡ.

ಸೂಟ್‌ಕೇಸು ತುಂಬುವಾಗ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದೆ. ಅದಕ್ಕೆ ಕಾರಣ ಹೆದರಿಕೆಯೊಂದೇ ಆಗಿರಲಿಲ್ಲ. ನನ್ನ ಮೊಣಕಾಲು ಯಾವಾಗ ಒಡೆಯಿತು, ನಾನು ಯಾವುದಕ್ಕೆ ಹೆದರುತ್ತಿದ್ದೆ, ಏನಿಲ್ಲದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ ಎಂದೆಲ್ಲ ಗೊತ್ತಿದ್ದ ಒಬ್ಬರೇ ಒಬ್ಬರು ಮುಂದಿನ ಕೋಣೆಯಲ್ಲಿದ್ದರು. ಹೊರಡುವ ಮುನ್ನ ಕಪಾಟಿನ ಬಾಗಿಲು ಭದ್ರವಾಗಿ ಮುಚ್ಚಿದೆಯೇ ಎಂದು ನೋಡಿದೆ. ಮುಚ್ಚಿತ್ತು. ಆದರೂ ಇನ್ನೊಮ್ಮೆ ಒತ್ತಿದೆ.

ಮುಂದಿನ ಕೋಣೆಯಲ್ಲಿ ಬಿಸಿಲು ತುಂಬಿತ್ತು. ದರ್ಜಿಯಮ್ಮ ಗೊಂಬೆಯ ಮೈಯಿಂದ ಕಡುನೀಲಿ ಬಣ್ಣದ ಉದ್ದನೆಯ ಅಂಗಿಯೊಂದನ್ನು ಬಿಚ್ಚುತ್ತಿದ್ದರು. ಬಾಯಿ ತುಂಬ ಪಿನ್ನು. ಕಣ್ಣಿನಲ್ಲೇ ಸ್ಟೂಲು ತೋರಿಸಿದರು. ಇದೊಂದು ಅಂಗಿ ತೊಟ್ಟು ನೋಡಿದರೆ ಏನು ಕಳೆದುಹೋಗುತ್ತದೆ, ಅವರ ಬಾಯಿಂದ ಪಿನ್ನು ಖಾಲಿಯಾಗಲಿ, ಆಗ ಹೇಳೋಣ ಎಂದುಕೊಂಡೆ. ಉಟ್ಟ ಬಟ್ಟೆಯ ಮೇಲೇ ಅದನ್ನು ಹಾಕಿಕೊಂಡು ಸ್ಟೂಲು ಹತ್ತಿದೆ. ಅವರು ಅಂಚಿನ ಸುತ್ತ ಪಿನ್ನು ಚುಚ್ಚುತ್ತಾ ಬಂದರು. ಪಕ್ಕೆಗೆ ಬಂದರು. ಅಲ್ಲಾಡಿದರೆ ಚುಚ್ಚುತ್ತಿತ್ತು. ಆಮೇಲೆ ಮೇಲೆದ್ದು, ತಮ್ಮ ತುಟಿಯಲ್ಲಿ ಉಳಿದಿದ್ದ ಪಿನ್ನುಗಳನ್ನು ತೆಗೆದು ನನ್ನ ಬಾಯಿಯ ಬಳಿ ತಂದರು. ನಾನು ತುಟಿ ತೆರೆದೆ. ಯಾಕೆ ತೆರೆದೆ ಎಂದರೆ ಹೇಳಲಾರೆ, ತುಟಿಗೆ ಗೊತ್ತಿತ್ತು. ಪಿನ್ನುಗಳು ಅವರ ಬಾಯಿಯ ಬಿಸಿಯಿಂದ ಬೆಚ್ಚಗಿದ್ದವು.

ಈಗ ಅವರ ಬಾಯಿ ಖಾಲಿಯಿತ್ತು. ಮೊದಲ ಸಲ ಅವರ ಮಾತು ಪೂರ್ತಿ ಸ್ಪಷ್ಟವಾಗಿ ನನ್ನ ಕಿವಿಗೆ ಬಿತ್ತು, ಕೊನೆಯಲ್ಲಿ ಏರಿದ ದನಿಯೂ. ಇನ್ನು ಹೋಗುವುದಿಲ್ಲ ತಾನೆ ಎಂದು ಕೇಳಿದರು.

ಉರು ಹೊಡೆದ ವಾಕ್ಯ ಪಿನ್ನುಗಳ ಹಿಂದೆಯೇ ಉಳಿಯಿತು. ಮುಚ್ಚಿದ ತುಟಿಯಿಂದ ಬರಬಹುದಾದ ಉತ್ತರ ಎರಡೇ. ಇಷ್ಟು ದಿನ ಬಳಸದೆ ಇಟ್ಟಿದ್ದನ್ನು ತೆಗೆದೆ. ನಿಮ್ಮ ಮೆಟ್ಟಿಲೂ ನನ್ನದಲ್ಲ, ನಾಯಿಯೂ ಅಲ್ಲ, ಕಪಾಟೂ ಅಲ್ಲ ಎಂದು ಎಲ್ಲವನ್ನೂ ಸೇರಿಸಿ, ತಲೆಯಾಡಿಸಿ ಅಂದೆ.

"ಊಹೂಂ."

ಅವರ ಮುಖ ಅರಳಿತು. ಎರಡೂ ಕೈಯಿಂದ ನನ್ನ ಸೊಂಟ ಹಿಡಿದು ಹಣೆಯನ್ನು ನನ್ನ ಹೊಟ್ಟೆಗೆ ಒತ್ತಿದರು. ಆಗ ತಿಳಿಯಿತು. ಹೋಗುವುದಿಲ್ಲ ತಾನೆ ಎಂಬುದಕ್ಕೆ ಹೂಂ ಅಂದರೆ ಹೋಗುವುದಿಲ್ಲ. ಊಹೂಂ ಅಂದರೂ ಹೋಗುವುದಿಲ್ಲ.

ಮೇಜಿನ ಮೇಲೆ ಫೋನು ರಿಂಗಾಯಿತು. ದರ್ಜಿಯಮ್ಮ ಕೈ ಚಾಚಿ, ನಾನು ಒತ್ತುವುದನ್ನು ನೋಡಿ ನೋಡಿ ಕಲಿತಂತೆ, ಒಂದು ಸಲ ಒತ್ತಿ, ಸ್ಪೀಕರಿಗೆ ಇನ್ನೊಂದು ಸಲ ಒತ್ತಿ, ಮತ್ತೆ ಅಂಗಿಯ ಅಂಚಿಗೆ ಬಗ್ಗಿದರು. ಅಮ್ಮನ ದನಿ ಕೋಣೆ ತುಂಬಿತು. ಮೇಲಿನ ಮನೆಯವರು ಮತ್ತೆ ಮೋಟಾರು ಮರೆತಿದ್ದರಂತೆ, ನೀರು ಮೆಟ್ಟಿಲಿನಲ್ಲಿ ಇಳಿದು ನಮ್ಮ ಹೊಸಿಲಿಗೆ ಬಂದಿತ್ತಂತೆ. ನಾನು ಮೂಗಿನಿಂದ ಉಸಿರೆಳೆದುಕೊಂಡೆ. ಅಷ್ಟರಲ್ಲಿ ನನ್ನ ಕಾಲ ಬಳಿಯಿಂದ ಹೂಂ ಕೇಳಿಸಿತು. ನನ್ನದೇ ಹೂಂ. ಕೊನೆಯಲ್ಲಿ ಸ್ವಲ್ಪ ಕೆಳಗಿಳಿಯುವ, ಅಕ್ಕ ಅಣಕಿಸುತ್ತಿದ್ದ ಅದೇ ಹೂಂ. ಅಮ್ಮ ಒಂದು ಗಳಿಗೆಯೂ ತಡವರಿಸಲಿಲ್ಲ. ಹೊಸಿಲು ಒರೆಸಿದವರು ಯಾರು ಎಂದು ಹೇಳಿದಳು. ಹೂಂ. ಅಪ್ಪ ಪೇಪರು ಒದ್ದೆಯಾಯಿತೆಂದು ಸಿಡುಕಿದ್ದನ್ನು ಹೇಳಿದಳು. ಹೂಂ. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ಮೊಟಕಾಗಬೇಕೋ ಅಲ್ಲಿ ಮೊಟಕಾಗಿ.

"ಇವತ್ತು ಮನಸ್ಸಿಟ್ಟು ಕೇಳ್ತಿದ್ದೀಯ ಕಣೆ," ಎಂದಳು ಅಮ್ಮ. ಆಮೇಲೆ ಅವಳ ದನಿ ಬೇರೆಯಾಯಿತು. "ಅಕ್ಕ ಅಂತಿದ್ಲು, ಅಲ್ಲಿ ಓದಿದೋರೆಲ್ಲ ಅಲ್ಲೇ ಇದ್ಬಿಡ್ತಾರಂತೆ. ನಿಜ ಹೇಳು. ನೀನೂ ಅಲ್ಲೇ ಇದ್ಬಿಡ್ತೀಯೇನೇ?"

ಅಮ್ಮ ನನ್ನ ಬಗ್ಗೆ ನನ್ನನ್ನೇ ಕೇಳಿದ್ದು ಅದೇ ಮೊದಲು. ಕೇಳಿ ಕಾದಳು. ಗಾಜಿನ ಆಚೆ ಯಾರೋ ಕಾಯುತ್ತಿರುವುದು ಅಷ್ಟು ದೂರದಿಂದಲೂ ನನಗೆ ಕೇಳಿಸಿತು. ಪಿನ್ನು ತೆಗೆಯಲು ಕೈ ಎತ್ತಿದೆ, ಪಕ್ಕೆಯ ಪಿನ್ನುಗಳು ಒಟ್ಟಿಗೆ ಮೈಗೆ ಇಳಿದವು.

"ಹೂಂ," ಅಂದರು ದರ್ಜಿಯಮ್ಮ.

ಫೋನಿನ ಆಚೆ ಕುಕ್ಕರು ಒಮ್ಮೆ ಕೂಗಿತು.

"ಸರಿ ಬಿಡು," ಎಂದಳು ಅಮ್ಮ. "ನೀನು ಯಾವತ್ತೂ ಒಂದು ಮಾತು ಯೋಚನೆ ಮಾಡದೆ ಆಡಿದವಳಲ್ಲ. ಚೆನ್ನಾಗಿರು. ಇಡ್ತೀನಿ."

ಪಿನ್ನುಗಳನ್ನು ತುಟಿಯಿಂದ ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಂಡೆ. ಅವಸರ ಮಾಡಿದರೆ ನುಂಗಿಹೋಗುತ್ತವೆ. ಕೊನೆಯದು ಹೊರಬಂದಾಗ ನಾಲಿಗೆಯ ಮೇಲೆ ಕಬ್ಬಿಣದ ರುಚಿಯಿತ್ತು.

"ಅಮ್ಮಾ," ಎಂದು ಕರೆದೆ.

ಫೋನಿನ ಬೆಳಕು ಆರಿಹೋಗಿತ್ತು. ದರ್ಜಿಯಮ್ಮ ಅಂಗಿಯ ಅಂಚಿನಿಂದ ತಲೆ ಎತ್ತದೆ, ನಾನು ಮುಂದಕ್ಕೆ ಹೇಳಲೆಂದು, ಹೂಂ ಅಂದರು.